ಕಿರಿಗಾತ್ರದ ಆಟದ ಗಣಕಯಂತ್ರ: ಅದರ ಅಂಗಗಳನ್ನು ಆರಿಸುವ ಬಗೆ

ನಮ್ಮ ಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಪಾಠಕ್ಕೆ ಸೇರಿದವು ಕೆಲವು, ಸೇರದವು ಹಲವು. ಪಾಠಕ್ಕೆ ಸೇರದ ಪ್ರಶ್ನೆಗಳಲ್ಲಿ ಈಚೆಗೆ ಮೇಲಿಂದ ಮೇಲೆ ಬರುತ್ತಿರುವುದೊಂದುಂಟು: “ಸರ್, ಆಟವಾಡಲು ತಕ್ಕ ಕಂಪ್ಯೂಟರನ್ನು ನಾವೇ ಜೋಡಿಸಿಕೊಳ್ಳಬಹುದೆ? ಅದು ಮನೆಯಲ್ಲಿ ಹೆಚ್ಚು ಜಾಗ ಹಿಡಿಯದಂತೆ ಮಾಡಬಹುದೆ?” ಪ್ರಶ್ನೆಯ ಎರಡನೆಯ ಭಾಗ ಮುಂಬಯಿಯ ಮಕ್ಕಳಿಗೆ ಸಹಜವಾದುದು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಕೋಣೆಯಲ್ಲಿ ಅಡಿಗೆ, ಊಟ, ಓದು, ನಿದ್ರೆಗಳೆಲ್ಲ ನಡೆಯುವ ಮನೆಯಲ್ಲಿ, ಹಗಲು ಮೇಜಿನ ಮೇಲಿದ್ದುದು ರಾತ್ರಿ ಹಾಸಿಗೆ ಬಿಡಿಸುವ ಹೊತ್ತಿಗೆ ಕಪಾಟಿನ ಮೇಲೇರಬೇಕಾಗುತ್ತದೆ. ಅಂಥ ಮನೆಗೆ ಬೇಕಾದುದು ಕಿರಿದಾದ, ಒಬ್ಬನೇ ಎತ್ತಿಡಬಹುದಾದ ಯಂತ್ರ. ಅದರ ಅಂಗಗಳನ್ನು ಹೇಗೆ ಆರಿಸಬೇಕೆಂಬುದನ್ನು ಸ್ಥೂಲವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಆಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರಿದ್ದಾರೆ. ಹೊತ್ತು ಗೊತ್ತಿಲ್ಲದ ಆಟ ಕೆಟ್ಟದ್ದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆಟದ ಚಿತ್ರಗಳನ್ನು ಸರಾಗವಾಗಿ ಓಡಿಸಬಲ್ಲ ಯಂತ್ರವೇ ಆ್ಯನಿಮೇಷನ್ ರಚನೆಗೂ, ವಿಡಿಯೋ ಸಂಕಲನಕ್ಕೂ, ಪ್ರೋಗ್ರಾಮುಗಳನ್ನು ಬರೆಯುವುದಕ್ಕೂ ಒದಗುತ್ತದೆ. ಅದನ್ನು ಬುದ್ಧಿಪೂರ್ವಕವಾಗಿ ಜೋಡಿಸುವುದಂತೂ ಅಂಕಗಣಿತ, ಭೌತವಿಜ್ಞಾನಗಳೆರಡರ ಒಳ್ಳೆಯ ಅಭ್ಯಾಸವೇ ಸರಿ.

2024ರ ಒಂದು ಪ್ರಸಂಗವನ್ನು ಮೊದಲು ಹೇಳಬೇಕು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜು ಓದುತ್ತ ಸಂಜೆ ದುಡಿದು ಸ್ವಲ್ಪ ಹಣ ಕೂಡಿಸಿದ್ದ; ಅವನ ತಾಯಿ ಚೀಟಿ ಹಾಕಿ ಉಳಿಸಿದ್ದ ಹಣವೂ ಅದಕ್ಕೆ ಸೇರಿತು. ಆಟದ ಯಂತ್ರವೊಂದನ್ನು ಜೋಡಿಸಬೇಕೆಂದು ಹೊರಟವನು ಎಲ್ಲಕ್ಕಿಂತ ಮೊದಲು ಕೊಂಡುದು ಗ್ರಾಫಿಕ್ಸ್ ಕಾರ್ಡನ್ನು. ಬೆಲೆಯೂ ಹೆಚ್ಚು, ನೋಟವೂ ಚೆಂದ. ಆದುದರಿಂದ ಕಣ್ಣು ಅದರ ಮೇಲೆಯೇ ಬಿತ್ತು. ಬಳಿಕ ಚಿಕ್ಕದೊಂದು ಕ್ಯಾಬಿನೆಟ್ಟನ್ನು ತಂದ. ಜೋಡಿಸಲು ಕುಳಿತಾಗ ತಿಳಿದುದೇನೆಂದರೆ, ಕ್ಯಾಬಿನೆಟ್ಟಿನಲ್ಲಿ ಕಾರ್ಡಿಗೆ ದೊರೆಯುವ ಉದ್ದ 322 ಮಿ.ಮೀ.; ಕಾರ್ಡಿನ ಉದ್ದ 336 ಮಿ.ಮೀ. ಹೆಚ್ಚಾದುದು 14 ಮಿ.ಮೀ. ಮಾತ್ರ, ಹೆಬ್ಬೆರಳಿನ ಅಗಲಕ್ಕಿಂತಲೂ ಕಡಿಮೆ. ಆದರೆ ಉಕ್ಕಿನ ತಗಡು ಒಂದು ಮಿ.ಮೀ. ಸಹ ಹಿಂದೆ ಸರಿಯುವುದಿಲ್ಲ. ಪೊಟ್ಟಣ ಒಡೆದ ಮಾಲನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಕೊನೆಗೆ ಬೇರೊಬ್ಬರಿಗೆ ಐದರಲ್ಲಿ ಒಂದು ಪಾಲಿನಷ್ಟು ಹಣ ಕಳೆದುಕೊಂಡು ಅದನ್ನು ಮಾರಬೇಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಆಗುವುದೇ ಹೀಗೆ. ಹೋದ ಹಣಕ್ಕಿಂತ ಹೆಚ್ಚಾಗಿ, ತಾಯಿಗೆ ಆ ಸಂಗತಿಯನ್ನು ಹೇಗೆ ಹೇಳುವುದೆಂಬುದೇ ಅವನ ಚಿಂತೆಯಾಗಿತ್ತು.

ಅವನು ನಮ್ಮ ಬಳಿಗೆ ಬಂದಾಗ, “ಹೇಳುವುದನ್ನು ಇಂದೇ ಹೇಳಿಬಿಡು, ಕೊಳ್ಳುವುದನ್ನು ಮಾತ್ರ ನಿಲ್ಲಿಸು” ಎಂದೆವು. ನಾವೂ ತಾಂತ್ರಿಕ ಶಿಕ್ಷಣ ಪಡೆದವರಲ್ಲ. ಆದರೆ ಅಳತೆಪಟ್ಟಿ ಹಿಡಿಯಲು ಅದೇನೂ ಬೇಕಿಲ್ಲ. ಮುಂದಿನ ಕೆಲವು ಭಾನುವಾರಗಳಂದು ಇಬ್ಬರೂ ಕುಳಿತು, ತಯಾರಕರು ಪ್ರಕಟಿಸಿರುವ ಅಳತೆಗಳನ್ನೆಲ್ಲ ಓದಿ ಒಂದು ನೋಟುಪುಸ್ತಕದಲ್ಲಿ ಬರೆದೆವು. ಮುಂದೆ ಹೇಳುವುದೆಲ್ಲ ಆ ಪುಸ್ತಕದ ಸಾರ.

ಎತ್ತಿಕೊಂಡು ಹೋಗಬಹುದಾದ ಗಣಕಯಂತ್ರ ಹೊಸ ಕಲ್ಪನೆಯೇನೂ ಅಲ್ಲ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಆಸ್ಬೋರ್ನ್ 1’ ಎಂಬ ಯಂತ್ರ ಸುಮಾರು 11 ಕಿಲೋ ತೂಗುತ್ತಿತ್ತು. ಅದರ ಪರದೆ 5 ಅಂಗುಲದ್ದು. ಮುಚ್ಚಿದರೆ ಹೊಲಿಗೆಯಂತ್ರದ ಪೆಟ್ಟಿಗೆಯಂತೆ ಹಿಡಿಕೆಯಿಂದ ಎತ್ತಬಹುದಾಗಿತ್ತು. ಅದನ್ನು ಹೊರತಂದ ಆ್ಯಡಮ್ ಆಸ್ಬೋರ್ನ್ ಬಾಲ್ಯದ ವರ್ಷಗಳನ್ನು ಕಳೆದುದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಅವರ ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಭಕ್ತರಾಗಿದ್ದರು. ಆ್ಯಡಮ್ 2003ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು.

ಇಂದು ಬೇರೆ ಬೇರೆ ಕಂಪನಿಗಳ ಅಂಗಗಳು ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುವುದಕ್ಕೆ ಕಾರಣ ಅಳತೆಯ ಗೊತ್ತಾದ ನಿಯಮಗಳು. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ‘ಎಟಿಎಕ್ಸ್’ ಎಂಬ ನಿಯಮದಂತೆ ಮದರ್‌ಬೋರ್ಡಿನ ಅಳತೆ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. 2001ರಲ್ಲಿ ತೈವಾನಿನ ವಿಐಎ ಸಂಸ್ಥೆ ‘ಮಿನಿ ಐಟಿಎಕ್ಸ್’ ಎಂಬ ಕಿರಿಯ ನಿಯಮವನ್ನು ತಂದಿತು. ಇದು ಚೌಕವಾದುದು, ಪ್ರತಿಯೊಂದು ಬದಿಯೂ 170 ಮಿ.ಮೀ. ಗುಣಿಸಿ ನೋಡಿದರೆ ಇದರ ವಿಸ್ತೀರ್ಣ ಎಟಿಎಕ್ಸಿನ ಐದರಲ್ಲಿ ಎರಡು ಪಾಲಿಗಿಂತ ಕಡಿಮೆಯೆಂದು ತಿಳಿಯುವುದು. ಕಿರಿಯ ಆಟದ ಯಂತ್ರಗಳಿಗೆ ಸಾಮಾನ್ಯವಾಗಿ ಇದೇ ಬುನಾದಿ. ಇದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಥಾನ, ರ‍್ಯಾಮಿಗೆ ಸಾಮಾನ್ಯವಾಗಿ ಎರಡೇ ಸ್ಥಾನ ಇರುವುದರಿಂದ, ಮುಂದೆ ಸೇರಿಸಿಕೊಂಡರಾಯಿತೆಂಬ ಧೈರ್ಯ ಇಲ್ಲಿ ಸಲ್ಲದು. ಎರಡು ಸ್ಥಾನಗಳನ್ನೂ ತುಂಬುವಂತೆ 16 ಜಿಬಿಯ ಎರಡು ರ‍್ಯಾಮುಗಳನ್ನು ಮೊದಲೇ ಹಾಕುವುದು ಲೇಸು.

ದೊಡ್ಡ ಯಂತ್ರವನ್ನು ಜೋಡಿಸುವವನು ಪ್ರತಿಯೊಂದು ಅಂಗವನ್ನೂ ಬಹುಮಟ್ಟಿಗೆ ಬೇರೆ ಬೇರೆಯಾಗಿ ಆರಿಸಬಹುದು. ಚಿಕ್ಕ ಯಂತ್ರದಲ್ಲಿ ಹಾಗಲ್ಲ. ಒಂದು ಅಂಗ ಸ್ವಲ್ಪ ದಪ್ಪವಾದರೆ ಅದರ ನೆರೆಯ ಅಂಗ ತೆಳ್ಳಗಾಗಬೇಕು. ಒಂದು ಹೆಚ್ಚು ಬಿಸಿಯಾದರೆ ಇನ್ನೊಂದು ಆ ಬಿಸಿಯನ್ನು ಸಹಿಸಬೇಕು. ಒಂದೇ ಕೋಣೆಯ ಸಂಸಾರದಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಪರದೆಯಿಂದ. ಆಟದ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದಾದುದು. 1920ಕ್ಕೆ 1080 ಅಳತೆಯ ಪರದೆಯಲ್ಲಿ 20,73,600 ಚುಕ್ಕೆಗಳಿರುತ್ತವೆ. 2560ಕ್ಕೆ 1440 ಅಳತೆಯಲ್ಲಿ 36,86,400. ‘ಫೋರ್ ಕೆ’ ಎನ್ನಿಸಿಕೊಳ್ಳುವ 3840ಕ್ಕೆ 2160 ಅಳತೆಯಲ್ಲಿ 82,94,400, ಅಂದರೆ ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ಒಂದು ಸೆಕೆಂಡಿಗೆ 60 ಚಿತ್ರಗಳು ಬೇಕೆಂದಾದರೆ ಪ್ರತಿಯೊಂದು ಚಿತ್ರವೂ ಒಂದು ಸೆಕೆಂಡಿನ 60ನೆಯ ಒಂದು ಪಾಲಿನೊಳಗೆ ಸಿದ್ಧವಾಗಬೇಕು. ಹೀಗೆ ಪರದೆ ದೊಡ್ಡದಾದಂತೆ ಕಾರ್ಡಿನ ಕೆಲಸ ಹೆಚ್ಚುತ್ತದೆ. ಕೆಲಸ ಹೆಚ್ಚಿದಂತೆ ವಿದ್ಯುತ್ತು, ವಿದ್ಯುತ್ತು ಹೆಚ್ಚಿದಂತೆ ಬಿಸಿ, ಬಿಸಿ ಹೆಚ್ಚಿದಂತೆ ಗಾತ್ರ, ಗಾತ್ರ ಹೆಚ್ಚಿದಂತೆ ಬೆಲೆ. ಚಿಕ್ಕ ಕೋಣೆಯಲ್ಲಿ, ಮೊಳದಳತೆಯ ದೂರದಲ್ಲಿ ಕುಳಿತು ನೋಡುವವನಿಗೆ ಮೊದಲನೆಯ ಅಳತೆಯ ಪರದೆಯೇ ಸಾಕೆಂದು ನಮ್ಮ ವಿದ್ಯಾರ್ಥಿ ತೀರ್ಮಾನಿಸಿದ. ಆ ಒಂದು ತೀರ್ಮಾನದಿಂದ ಮುಂದಿನದೆಲ್ಲ ಹಗುರವಾಯಿತು.

ಪರದೆಯಾದ ಮೇಲೆ ಕ್ಯಾಬಿನೆಟ್ಟು. ಕ್ಯಾಬಿನೆಟ್ಟಿನ ಗಾತ್ರವನ್ನು ನೀರಿನಂತೆ ಲೀಟರಿನಲ್ಲಿ ಹೇಳುವುದು ವಾಡಿಕೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ದೊರೆಯುತ್ತದೆ. 45 ಸೆಂ.ಮೀ. ಉದ್ದ, 21 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಸಾಮಾನ್ಯ ಕ್ಯಾಬಿನೆಟ್ಟು ಸುಮಾರು 42 ಲೀಟರಿನದು. 20 ಲೀಟರಿಗಿಂತ ಕಡಿಮೆಯಾದುದನ್ನು ಕಿರಿಗಾತ್ರದ್ದೆಂದು ಕರೆಯುವುದುಂಟು. ಕೂಲರ್ ಮಾಸ್ಟರ್ ಸಂಸ್ಥೆಯ ಎನ್‌ಆರ್200 ಎಂಬುದು 18.25 ಲೀಟರು, ಫ್ರ್ಯಾಕ್ಟಲ್ ಡಿಸೈನ್ ಸಂಸ್ಥೆಯ ಟೆರಾ 10.4 ಲೀಟರು, ಡ್ಯಾನ್ ಎ4 ಎಂಬುದು 7.2 ಲೀಟರು. ಲೀಟರು ಇಳಿದಂತೆ ಬೆಲೆ ಇಳಿಯುವುದಿಲ್ಲ. ಎಷ್ಟೋ ಸಲ ಏರುತ್ತದೆ. ಮೊದಲ ಬಾರಿ ಜೋಡಿಸುವವರಿಗೆ 10ರಿಂದ 18 ಲೀಟರಿನೊಳಗಿನದು ಕ್ಷೇಮ. ಅದಕ್ಕಿಂತ ಕಿರಿದರಲ್ಲಿ ತಂತಿಗಳನ್ನು ಮಡಿಸಿ ಕೂಡಿಸುವುದೇ ದೊಡ್ಡ ಸಾಹಸವಾಗುತ್ತದೆ.

ಹತ್ತು ಲೀಟರಿನ ಆಸುಪಾಸಿನ ಹಲವು ಕ್ಯಾಬಿನೆಟ್ಟುಗಳಲ್ಲಿ ನಡುವೆ ಒಂದು ತಗಡಿನ ಗೋಡೆಯಿರುತ್ತದೆ. ಗೋಡೆಯ ಈ ಕಡೆ ಮದರ್‌ಬೋರ್ಡು, ಆ ಕಡೆ ಗ್ರಾಫಿಕ್ಸ್ ಕಾರ್ಡು. ಎರಡನ್ನೂ ಕೂಡಿಸುವುದು ‘ರೈಸರ್’ ಎಂಬ ಪಟ್ಟಿಯಂಥ ಕೇಬಲ್ಲು. ಮೇಲೆ ಹೇಳಿದ ಟೆರಾದಲ್ಲಿ ಈ ಗೋಡೆಯನ್ನು ಸರಿಸಬಹುದು. ಅದು ನಿಂತ ಸ್ಥಳವನ್ನನುಸರಿಸಿ ಪ್ರೊಸೆಸರಿನ ಕೂಲರಿಗೆ 48ರಿಂದ 77 ಮಿ.ಮೀ.ವರೆಗೆ ಎತ್ತರ ದೊರೆಯುತ್ತದೆ. ಕೂಲರಿಗೆ ಕೊಟ್ಟಷ್ಟು ಕಾರ್ಡಿನ ಪಾಲಿನಿಂದ ಕಳೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ನಿಜವಾಗುತ್ತದೆ.

ಗ್ರಾಫಿಕ್ಸ್ ಕಾರ್ಡನ್ನು ಆರಿಸುವಾಗ ನಾಲ್ಕು ಸಂಖ್ಯೆಗಳನ್ನು ಬರೆದುಕೊಳ್ಳಬೇಕು: ಉದ್ದ, ಎತ್ತರ, ದಪ್ಪ, ವಾಟ್. ಒಂದೇ ಹೆಸರಿನ ಕಾರ್ಡನ್ನು ಹಲವು ಕಂಪನಿಗಳು ಹಲವು ಗಾತ್ರಗಳಲ್ಲಿ ಮಾರುತ್ತವೆ. ಎರಡು ಫ್ಯಾನಿನದು ಮೋಟಾಗಿರುತ್ತದೆ, ಮೂರು ಫ್ಯಾನಿನದು ನೀಳವಾಗಿರುತ್ತದೆ. ಹೆಸರನ್ನು ನೋಡಿ ಕೊಂಡರೆ ಸಾಲದೆಂಬುದು ಇದರಿಂದಲೇ ಸ್ಪಷ್ಟ. ವಾಟಿನಲ್ಲಿಯೂ ಅಂತರ ಬಹಳ. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 4090, 2022ರಲ್ಲಿ ಬಂದುದು, 450 ವಾಟಿನದು. 2023ರಲ್ಲಿ ಬಂದ 4060 ಕೇವಲ 115 ವಾಟಿನದು. 2025ರಲ್ಲಿ ಬಂದ 5060 ಎಂಬುದು 145 ವಾಟಿನದು. 1080ರ ಪರದೆಗೆ ಈ ಕೊನೆಯ ಎರಡರ ದರ್ಜೆ ಸಾಕು. ಕಾರ್ಡಿನ ಸ್ವಂತ ಸ್ಮೃತಿ 8 ಜಿಬಿ ಇದ್ದರೆ ಕೆಲವು ಹೊಸ ಆಟಗಳಲ್ಲಿ ಚಿತ್ರದ ಸೂಕ್ಷ್ಮತೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕಾಗುತ್ತದೆಂಬುದನ್ನೂ ತಿಳಿದಿರಬೇಕು.

ಪ್ರೊಸೆಸರಿನ ವಿಷಯದಲ್ಲಿ ಅತಿಯಾಸೆ ಬೇಡ. ಆಟದಲ್ಲಿ ಶತ್ರುವಿನ ನಡೆ, ಚೆಂಡಿನ ಓಟ, ಗೆಲವಿನ ಲೆಕ್ಕ ಇವನ್ನು ನಡೆಸುವುದು ಪ್ರೊಸೆಸರು. ಚಿತ್ರ ಬರೆಯುವುದು ಕಾರ್ಡು. ಒಂದು ಬಲವಾಗಿ ಇನ್ನೊಂದು ಬಡವಾದರೆ, ಒಂದು ಎತ್ತು ಏರಿಗೆ ಇನ್ನೊಂದು ನೀರಿಗೆ ಎಳೆದಂತೆ. ಎಎಮ್‌ಡಿ ಸಂಸ್ಥೆಯ ರೈಜನ್ 5 7600 ಎಂಬುದರಲ್ಲಿ 6 ಕೋರುಗಳಿವೆ. ಅದರ ನಿಗದಿ 65 ವಾಟ್, ಗರಿಷ್ಠ ಬಳಕೆ 88 ವಾಟ್. ಮಧ್ಯಮ ಕಾರ್ಡಿಗೆ ಇದು ತಕ್ಕ ಜೊತೆ. ಇದರೊಂದಿಗೆ ಬರುವ ಕೂಲರು 54 ಮಿ.ಮೀ. ಎತ್ತರದ್ದು. ನಡುಗೋಡೆಯ ಕ್ಯಾಬಿನೆಟ್ಟಿನಲ್ಲಿ ಅದೂ ಕೆಲವೊಮ್ಮೆ ಹಿಡಿಸುವುದಿಲ್ಲ. ಆಗ 47 ಮಿ.ಮೀ. ಎತ್ತರದ, ಇಲ್ಲವೇ ಆಸ್ಟ್ರಿಯದ ನಾಕ್ಟುವ ಸಂಸ್ಥೆಯವರು ಮಾಡುವ 37 ಮಿ.ಮೀ. ಎತ್ತರದ ಕೂಲರುಗಳನ್ನು ಬಳಸಬೇಕಾಗುತ್ತದೆ. ಕೂಲರು ತಗ್ಗಾದಷ್ಟೂ ಅದು ಹೊರಹಾಕಬಲ್ಲ ಬಿಸಿ ಕಡಿಮೆ. ಆದುದರಿಂದ ತಗ್ಗು ಕೂಲರಿಗೆ ಹೆಚ್ಚು ವಾಟಿನ ಪ್ರೊಸೆಸರನ್ನು ಗಂಟುಹಾಕಬಾರದು.

ಇಲ್ಲಿ ಭೌತವಿಜ್ಞಾನದ ಒಂದು ಮಾತು. ಯಂತ್ರ ಸೇವಿಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಬಿಸಿಯಾಗಿಯೇ ಹೊರಬರುತ್ತದೆ. ಕೂಲರು ಬಿಸಿಯನ್ನು ನಾಶಮಾಡುವುದಿಲ್ಲ. ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಪ್ರೊಸೆಸರು ಕೋಣೆಗಿಂತ 50 ಡಿಗ್ರಿ ಹೆಚ್ಚು ಬಿಸಿಯಾಗುವುದೆಂದು ಇಟ್ಟುಕೊಳ್ಳಿ. 22 ಡಿಗ್ರಿಯ ತಂಪು ಕೋಣೆಯಲ್ಲಿ ಅದು 72ಕ್ಕೆ ನಿಲ್ಲುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ 34 ಡಿಗ್ರಿಯ ಕೋಣೆಯಾದರೆ 84ಕ್ಕೇರುತ್ತದೆ. ಚಳಿದೇಶದವರು ತಮ್ಮ ಯಂತ್ರ ಇಷ್ಟೇ ಬಿಸಿಯಾಯಿತೆಂದು ಹೇಳುವ ಅಂಕಿಗಳನ್ನು ನಾವು ಹಾಗೆಯೇ ನಂಬಬಾರದೆಂಬುದಕ್ಕೆ ಕಾರಣ ಇದೇ. ಮಿತಿಮೀರಿ ಬಿಸಿಯಾದಾಗ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಬೆಲೆ ಕೊಟ್ಟು ಕೊಂಡ ವೇಗ ಬಿಸಿಲುಗಾಲದಲ್ಲಿ ಕೈಗೆ ಬರುವುದಿಲ್ಲ. ನಮ್ಮ ಊರಿಗೆ 20 ಡಿಗ್ರಿಯಷ್ಟು ಅವಕಾಶವನ್ನಾದರೂ ಉಳಿಸಿಕೊಂಡು ಅಂಗಗಳನ್ನು ಆರಿಸಬೇಕು. ಗಾಳಿಕಿಂಡಿಗಳ ಧೂಳನ್ನು ತಿಂಗಳಿಗೊಮ್ಮೆ ತೆಗೆಯಬೇಕು. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡಬಾರದು.

ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎಂದು ಕರೆಯುವ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಮನೆಯ 230 ವೋಲ್ಟಿನ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುತ್ತದೆ. ಸಾಮಾನ್ಯವಾದುದರ ಅಗಲ 150 ಮಿ.ಮೀ., ಎತ್ತರ 86 ಮಿ.ಮೀ. ಕಿರಿ ಕ್ಯಾಬಿನೆಟ್ಟಿಗೆ ಬೇಕಾದುದು ‘ಎಸ್‌ಎಫ್‌ಎಕ್ಸ್’ ಎಂಬ ಜಾತಿ: ಅಗಲ 125, ಎತ್ತರ 63.5, ಉದ್ದ 100 ಮಿ.ಮೀ. ಎಷ್ಟು ವಾಟಿನದು ಬೇಕೆಂಬುದನ್ನು ಕೂಡಿಸಿ ನೋಡಬೇಕು. ಪ್ರೊಸೆಸರಿಗೆ 88, ಕಾರ್ಡಿಗೆ 115, ಉಳಿದ ಅಂಗಗಳಿಗೆ ಸುಮಾರು 45. ಒಟ್ಟು 250ರ ಹತ್ತಿರ. ಕ್ಷಣಕಾಲದ ಏರಿಕೆಗೂ ಮುಂದಿನ ಬದಲಾವಣೆಗೂ ಅವಕಾಶವಿರಲೆಂದು 4060ರ ತಯಾರಕರೇ 550 ವಾಟಿನ ಎಸ್‌ಎಂಪಿಎಸ್ ಇರಲೆಂದು ಸೂಚಿಸಿದ್ದಾರೆ. ಇದರ ದಕ್ಷತೆಯನ್ನೂ ನೋಡಬೇಕು. ಒಳಗೆ 250 ವಾಟ್ ಬೇಕಾದಾಗ, ನೂರಕ್ಕೆ 80ರ ದಕ್ಷತೆಯದು ಗೋಡೆಯಿಂದ 312 ವಾಟ್ ಎಳೆಯುತ್ತದೆ. 90ರ ದಕ್ಷತೆಯದು 278 ವಾಟ್ ಎಳೆಯುತ್ತದೆ. ನಡುವಿನ 34 ವಾಟ್ ಬರಿಯ ಬಿಸಿ. ದಿನಕ್ಕೆ ಎರಡು ಗಂಟೆ ಆಡಿದರೆ ತಿಂಗಳಿಗೆ ಸುಮಾರು 17 ಯೂನಿಟ್ ಖರ್ಚಾಗುವುದೆಂಬ ಲೆಕ್ಕವನ್ನು ತಂದೆತಾಯಿಯರಿಗೆ ಮೊದಲೇ ತೋರಿಸಿಬಿಡುವುದು ಒಳ್ಳೆಯದು. ಬೇರೆ ಯಾವುದರಲ್ಲಿ ಮಿಗಿಸಿದರೂ ಇದರಲ್ಲಿ ಹಣ ಮಿಗಿಸಬಾರದು. ಇದು ಕೆಟ್ಟರೆ ಒಂದೇ ಕೆಡುವುದಿಲ್ಲ, ಉಳಿದವನ್ನೂ ಕೆಡಿಸಬಹುದು.

ಮಾಹಿತಿ ಸಂಗ್ರಹಕ್ಕೆ ‘ಎಂ.2’ ಜಾತಿಯ ಎಸ್‌ಎಸ್‌ಡಿ ಅತ್ಯಂತ ಅನುಕೂಲ. ಅದು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಟ್ಟಿ, ಮದರ್‌ಬೋರ್ಡಿನ ಮೇಲೆಯೇ ಮಲಗುತ್ತದೆ, ತಂತಿ ಬೇಡುವುದಿಲ್ಲ. ರ‍್ಯಾಮಿನ ಮೇಲೆ ಅಲಂಕಾರದ ಲೋಹದ ಕಿರೀಟವಿದ್ದರೆ ಅದು ಕೂಲರಿಗೆ ತಾಗುವ ಸಂಭವವುಂಟು, ಬೋಳಾದುದೇ ಮೇಲು.

ಇನ್ನು ಒಯ್ಯುವ ಮಾತು. ಪರದೆಯ ಹೊರತಾಗಿ ಹತ್ತು ಲೀಟರಿನ ಯಂತ್ರ ಹತ್ತು ಕಿಲೋವಿಗಿಂತ ಕಡಿಮೆಯೇ ತೂಗುತ್ತದೆ. ಆದರೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಅದನ್ನು ಒಯ್ಯುವುದು ವಿವೇಕವಲ್ಲ. ಊರಿಂದೂರಿಗೆ ಒಯ್ಯುವಾಗ ಕಾರ್ಡು ಅಲುಗದಂತೆ ತಿರುಪುಗಳನ್ನು ಬಿಗಿಮಾಡಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ತಲುಪಿದ ಮೇಲೆ ತಂತಿಗಳನ್ನು ಒಮ್ಮೆ ಒತ್ತಿ ನೋಡಿ, ಬಳಿಕ ವಿದ್ಯುತ್ತು ಕೊಡಬೇಕು. ರೈಸರ್ ಕೇಬಲ್ಲಿನ ಬಗೆಗೆ ವಿಶೇಷ ಎಚ್ಚರ ಬೇಕು. 2021ರಲ್ಲಿ ಎನ್‌ಝಡ್‌ಎಕ್ಸ್‌ಟಿ ಸಂಸ್ಥೆ ತನ್ನ ಎಚ್1 ಎಂಬ ಕಿರಿ ಕ್ಯಾಬಿನೆಟ್ಟುಗಳನ್ನು ಕೊಂಡವರಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ರೈಸರನ್ನು ಬಿಗಿಯುವ ತಿರುಪು ವಿದ್ಯುತ್ತಿನ ಪದರಕ್ಕೆ ತಗುಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿತ್ತು. ಬಿಗಿಯಾದ ಜಾಗದಲ್ಲಿ ಸಣ್ಣ ತಪ್ಪು ಸಣ್ಣದಾಗಿಯೇ ಉಳಿಯುವುದಿಲ್ಲ.

“ಇಷ್ಟೆಲ್ಲ ತೊಂದರೆಯೇಕೆ, ಲ್ಯಾಪ್‌ಟಾಪ್ ಕೊಳ್ಳಬಾರದೆ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದಿನವೂ ಕಾಲೇಜಿಗೆ ಒಯ್ಯಬೇಕಾದವನಿಗೆ ಲ್ಯಾಪ್‌ಟಾಪೇ ಸರಿ. ಮನೆಯಲ್ಲಿಯೇ ಇದ್ದು, ರಾತ್ರಿ ಕಪಾಟಿಗೇರಿ, ವರ್ಷಕ್ಕೊಮ್ಮೆ ಊರಿಗೆ ಹೋಗುವ ಯಂತ್ರ ಸಾಕೆನ್ನುವವನಿಗೆ ಇದು ಲಾಭ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಅಂಗವನ್ನು ಸಾಮಾನ್ಯವಾಗಿ ಬದಲಿಸಲಾಗುವುದಿಲ್ಲ. ಇದರಲ್ಲಿ ನಾಲ್ಕು ವರ್ಷಗಳ ಅನಂತರ ಕಾರ್ಡೊಂದನ್ನೇ ಬದಲಿಸಿ ಉಳಿದುದನ್ನೆಲ್ಲ ಇಟ್ಟುಕೊಳ್ಳಬಹುದು.

ಕೊಳ್ಳುವ ಕ್ರಮವನ್ನು ಒಟ್ಟಾಗಿ ಹೇಳುವುದಾದರೆ, ಮೊದಲು ಪರದೆಯ ಅಳತೆ, ಅನಂತರ ಕ್ಯಾಬಿನೆಟ್ಟು, ಅದರ ಒಳಗೆ ಹಿಡಿಸುವ ಕಾರ್ಡು, ಕಾರ್ಡಿಗೆ ತಕ್ಕ ಪ್ರೊಸೆಸರು, ಪ್ರೊಸೆಸರಿಗೆ ತಕ್ಕ ಕೂಲರು ಮತ್ತು ಮದರ್‌ಬೋರ್ಡು, ಎಲ್ಲದರ ಮೊತ್ತಕ್ಕೆ ತಕ್ಕ ಎಸ್‌ಎಂಪಿಎಸ್. ಇವೆಲ್ಲವೂ ಕಾಗದದ ಮೇಲೆ ಕೂಡಿಬಂದ ಮೇಲೆಯೇ ಹಣವನ್ನು ಹೊರಗೆ ತೆಗೆಯಬೇಕು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿಗೆ ಹೋಗುವಾಗ ಈ ಕಾಗದವೂ ಒಂದು ಅಳತೆಪಟ್ಟಿಯೂ ಜೊತೆಗಿರಲಿ. ಮಾಲನ್ನು ಹಿಂದಿರುಗಿಸುವ ನಿಯಮವೇನೆಂದು ಹಣ ಕೊಡುವ ಮೊದಲೇ ಕೇಳಿ, ರಸೀತಿಯನ್ನು ಜೋಪಾನವಾಗಿ ಇಡಿ.

ನಮ್ಮ ವಿದ್ಯಾರ್ಥಿ ಎರಡನೆಯ ಸಲ ಕೊಂಡ ಕಾರ್ಡು ಎರಡು ಫ್ಯಾನಿನದು, ಮೊದಲನೆಯದಕ್ಕಿಂತ ಬೆಲೆಯಲ್ಲಿಯೂ ಶಕ್ತಿಯಲ್ಲಿಯೂ ಕಡಿಮೆಯದು. ಜೋಡಿಸುವ ದಿನ ನಾವು ಅವನ ಮನೆಗೆ ಹೋಗಿದ್ದೆವು. ಕಾರ್ಡು ಎಲ್ಲಿಯೂ ತಾಗದೆ ತನ್ನ ಸ್ಥಾನದಲ್ಲಿ ಕುಳಿತಿತು. ಅವನ ತಾಯಿ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, “ಇಷ್ಟೇನಾ, ಇದಕ್ಕೇ ಅಷ್ಟು ಹಣವಾ?” ಎಂದರು, ಆಮೇಲೆ ಕಪಾಟಿನ ಮೇಲೆ ಅಕ್ಕಿಡಬ್ಬಿಯನ್ನು ಸರಿಸಿ ಅದಕ್ಕೆ ಜಾಗ ಮಾಡಿಕೊಟ್ಟರು. ಆ ನೋಟುಪುಸ್ತಕವನ್ನು ಅವನು ನಮ್ಮ ಶಾಲೆಯ ವಾಚನಾಲಯಕ್ಕೆ ಕೊಟ್ಟಿದ್ದಾನೆ. ಬೇಕಾದವರು ಬಂದು ನೋಡಬಹುದು. ಅಂಗಗಳ ಹೆಸರುಗಳು ಹಳತಾಗಬಹುದು. ಅಳೆಯುವ ಕ್ರಮ ಹಳತಾಗುವುದಿಲ್ಲ.